ಸುಣ್ಣದ ಗೆರೆ

ಹಾಕಿಯವರು ಬೆವರೊರೆಸಿಕೊಂಡು ಹೋದ ಮೇಲೆ
ಐದೂಕಾಲಿಗೆ ಮೈದಾನ ನಮ್ಮದು.
ವಿರಾಜಪೇಟೆಯ ಈ ಕಾಲೇಜಿನಲ್ಲಿ ಫುಟ್ಬಾಲೆಂದರೆ ಕಿರಿಸೊಸೆ,
ಎಲ್ಲರೂ ಉಂಡೆದ್ದ ಮೇಲೆ ಎಲೆ.

ನಾನು ಐತಪ್ಪ, ಪಿ.ಟಿ. ಮೇಷ್ಟ್ರ ಕೋಣೆಯ ಅಟೆಂಡರು.
ಬಕೆಟ್ಟಿನಲ್ಲಿ ಸುಣ್ಣ ಕಲೆಸಿ, ಹಗ್ಗ ಬಿಗಿದು,
ಹತ್ತೊಂಬತ್ತು ವರ್ಷ ಗೆರೆ ಎಳೆದಿದ್ದೇನೆ.
ಒಂದು ದಿನವೂ ಚೆಂಡು ಒದ್ದವನಲ್ಲ.

ಆ ವರ್ಷ ಗೋಲಿಗೆ ಪೂವಯ್ಯ.
ಹಾಕಿಯ ಆಯ್ಕೆಯಲ್ಲಿ ಬಿದ್ದವನು,
ಮನೆಯಲ್ಲಿನ್ನೂ ಹೇಳಿರಲಿಲ್ಲ.
ಅವನ ಬೆನ್ನ ಹಿಂದೆ ಸಿದ್ಧಾಪುರದಿಂದ ತಂದ ಮೀನಿನ ಬಲೆ,
ಬಿಸಿಲು ಬಿದ್ದ ದಿನ ಹೊಳೆಯ ವಾಸನೆ.
ಮುಂದೆ ನೌಫಲ್,
ಕಾಲಿಗೆ ಹಲಸಿನ ಮೇಣ ಹಚ್ಚಿಕೊಂಡವನ ಹಾಗೆ, ಚೆಂಡು ಬಿಡದು.
ಎಡಕ್ಕೆ ಪಾಲಿಬೆಟ್ಟದ ಲೈನ್‌ಮನೆಯ ಅಂತೋಣಿರಾಜ,
ತೋಟದಲ್ಲಿ ಕಳೆ ಕೊಚ್ಚುವ ಶನಿವಾರ ಬಂದರೆ
ಎಡಗಡೆ ಖಾಲಿ.

ಕಾಲುಚೀಲಕ್ಕೆ ಉಪ್ಪು, ಹೊಗೆಸೊಪ್ಪು,
ಆದರೂ ಅರ್ಧ ಆಟಕ್ಕೆ ಮುಂಚೆಯೇ
ಜಿಗಣೆಗಳು ಹೊಟ್ಟೆ ತುಂಬಿಸಿಕೊಂಡು ಉದುರುತ್ತಿದ್ದವು.
ಕುಶಾಲನಗರದವರ ಮೇಲೆ ನಾಲ್ಕು, ಸೊನ್ನೆ.
ಸೊನ್ನೆ ನಮ್ಮದು.
ಮಡಿಕೇರಿಯಲ್ಲಿ ಮಂಜು.
ಅವರ ಗೋಲು ಕಾಣದು, ನಮ್ಮದೂ ಕಾಣದು,
ಶಿಳ್ಳೆ ಎತ್ತಲಿಂದಲೋ. ಡ್ರಾ ಎಂದರು.
ನೋಡಿದವರಿಲ್ಲ, ನಂಬಿದೆವು.
ಸುಂಟಿಕೊಪ್ಪದಲ್ಲಿ ಗೆದ್ದೆವು!
ಒಂದೇ ಗೋಲು, ಅದೂ ಅಂತೋಣಿಯ ಮಂಡಿಗೆ ಬಡಿದು ಹೋದದ್ದು.
ಬರುವಾಗ ಅಮ್ಮತ್ತಿಯಲ್ಲಿ ಜೀಪು ನಿಲ್ಲಿಸಿ ಪರೋಟ.
ಮೇಷ್ಟ್ರು ನನಗೂ ಎರಡು ಹೇಳಿದರು.

ಕೊನೆಯದು ನಮ್ಮಲ್ಲೇ, ಗೋಣಿಕೊಪ್ಪದವರ ಮೇಲೆ.
ಡ್ರಾ ಆದರೂ ಸಾಕು, ಮಂಗಳೂರಿಗೆ ನಾವೇ.
ಬೆಳಿಗ್ಗೆ ಏಳಕ್ಕೊಮ್ಮೆ ಎಳೆದೆ, ಹತ್ತಕ್ಕೊಮ್ಮೆ,
ಊಟ ಬಿಟ್ಟು ಇನ್ನೊಮ್ಮೆ.
ಮಳೆ ಕುಡಿದದ್ದೇ ಕುಡಿದದ್ದು.

ಮುಗಿಯಲು ನಾಲ್ಕು ನಿಮಿಷವಿತ್ತೇನೋ,
ಮೇಲಿಂದ ಬಂದ ಚೆಂಡು ಬಿತ್ತು, ಪುಟಿಯಲಿಲ್ಲ,
ಕಾವಿಗೆ ಕೂತ ಕೋಳಿಯಂತೆ ಕೆಸರಲ್ಲಿ ಕೂತಿತು.
ಮೇಲೆ ಪೂವಯ್ಯ.
ಅವನ ಭುಜ ತಾಗಿ ಬಲಗಂಬ ಬುಡಸಮೇತ ಎದ್ದು ಬಂದಿತ್ತು,
ಕಂಬದ ಗುಂಡಿ ಯಾವುದು, ಬೂಟಿನ ಗುಂಡಿ ಯಾವುದು,
ಎಲ್ಲ ಒಂದೇ ನೀರು.
ಗೋಲು ಎಂದರು ಅವರು. ಅಲ್ಲ ಎಂದೆವು ನಾವು.
ರೆಫರಿ ಕನ್ನಡಕ ಒರೆಸಿ, ಮತ್ತೆ ಒರೆಸಿ,
ನನ್ನನ್ನು ಕರೆದರು: ಗೆರೆ ಎಲ್ಲಿತ್ತು?

ಕೊಡೆಯಡಿ ಪ್ರಿನ್ಸಿಪಾಲರು. ಆಕಾಶ ನೋಡುತ್ತ ಮೇಷ್ಟ್ರು.
ನಾನು ಚಪ್ಪಲಿ ಬಿಟ್ಟು
ಹೆಬ್ಬೆರಳಿಂದ ಕೆಸರು ಕೆದಕಿದೆ.
ಎರಡು ಬೆರಳ ಆಳದಲ್ಲಿ ಅದು ಇತ್ತು,
ಮಳೆ ಕುಡಿದ ಸುಣ್ಣವೆಲ್ಲ, ಹತ್ತೊಂಬತ್ತು ಮಳೆಗಾಲದ್ದು,
ಬೆಳ್ಳಗೆ, ಹಾಲುಹಲ್ಲಿನ ಹಾಗೆ.
ಪಾದ ಅಡ್ಡ ಇಟ್ಟರೆ ಮುಗಿದಿತ್ತು.
ನನ್ನ ಪಾದವೇನು ಸಣ್ಣದಲ್ಲ.

ಚೆಂಡು ಗೇಣು ಒಳಗಿದೆ ಸಾರ್, ಎಂದೆ.

ಆಮೇಲೆ ವಾರವೆಲ್ಲ ಕ್ಯಾಂಟೀನಿನ ಮೈಮುನಾ
ಚಹಾ ಕೊಟ್ಟಳು, ಸಕ್ಕರೆ ಹಾಕಲಿಲ್ಲ.
ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆದರು:
ಆಡಿದ್ದು ನಾಲ್ಕು, ಗೆದ್ದದ್ದು ಒಂದು.
ಷರಾ ಕಾಲಮ್ಮು ಖಾಲಿ ಬಿಟ್ಟರು.
ನೌಫಲ್ ಎದುರು ಸಿಕ್ಕರೆ ಬೂಟಿನ ದಾರ ಕಟ್ಟಲು ಬಗ್ಗುತ್ತಿದ್ದ,
ಚಪ್ಪಲಿ ಹಾಕಿಕೊಂಡಿದ್ದ ದಿನವೂ.

ಒಂಬತ್ತನೆಯ ದಿನ ಪೂವಯ್ಯ ಹಾರೆ ಹಿಡಿದು ಬಂದ,
ಕಂಬ ನಿಲ್ಲಿಸಬೇಕಲ್ಲ ಅಣ್ಣ, ಎಂದ.
ಅಗೆದೆವು. ಆ ವಿಷಯ ಅವನೆತ್ತಲಿಲ್ಲ.
ಬಿಳಿಮಣ್ಣು ಬಂದಾಗ ಚಿಟಿಕೆ ತೆಗೆದು
ಬೆರಳಲ್ಲಿ ಉಜ್ಜಿ ನೋಡಿದ.
ಸ್ವಲ್ಪ ಹೊತ್ತು ಬಿಟ್ಟು: ಮನೆಯಲ್ಲಿ ಹೇಳಿದೆ.
ಏನಂತ?
ನಾನು ಹಾಕಿ ಆಡೋದಿಲ್ಲ ಅಂತ.
ಏನಂದರು?
ಅಜ್ಜ ಎದ್ದು ಒಳಗೆ ಹೋದರು.

ಅಷ್ಟರಲ್ಲಿ ಸ್ಟಿಕ್ಕು ಹೆಗಲಿಗಿಟ್ಟು ಹಾಕಿಯವರು ಬಂದರು,
ಐದೂಕಾಲಿಗೆ ಇನ್ನೂ ಬಹಳ ಹೊತ್ತಿತ್ತು.
ಗುಂಡಿಯನ್ನು ಅರ್ಧಕ್ಕೇ ಬಿಟ್ಟು
ಇಬ್ಬರೂ ಬದಿಗೆ ಸರಿದು ನಿಂತೆವು.